ವಿದ್ಯಾರ್ಥಿಗೆ ಹಗುರ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ತಿಳಿಯಿರಿ



ಎತ್ತು ಕೊಳ್ಳುವಾಗ ನಾವು ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ. ಸಾಯಗಾಂವದಿಂದ ಭಾಲ್ಕಿ, ಬೀದರದ ಕಾಲೇಜಿಗೆ ಹೋಗುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಇದೇ ಜಾಣ್ಮೆ ಬೇಕು. ಸೋಯಾ, ತೊಗರಿ ಮಾರಿ ಬಂದ ಹಣ ಒಮ್ಮೆ ಕೈಬಿಟ್ಟರೆ ಮತ್ತೆ ಬರಲು ಇನ್ನೊಂದು ಸುಗ್ಗಿ ಕಾಯಬೇಕು.

1. ಮೊದಲು ಅಧ್ಯಾಪಕರನ್ನು ಕೇಳಿರಿ. ಓದು, ಬರಹ, ಲೆಕ್ಕಪತ್ರಕ್ಕೆ ಸಣ್ಣ ಯಂತ್ರ ಸಾಕು. ಎಂಜಿನಿಯರಿಂಗ್ ನಕ್ಷೆಗಳಿಗೆ ಹೆಚ್ಚು ಶಕ್ತಿಯದು ಬೇಕಾದೀತು.

2. ತೂಕ. ದಿನವೂ ಬಸ್ಸಿನಲ್ಲಿ ಹೊತ್ತೊಯ್ಯುವುದರಿಂದ ಒಂದೂವರೆ ಕಿಲೋ ಮೀರದಿರಲಿ. 14 ಇಂಚಿನ ಪರದೆ ಸಾಕು.

3. ರ್‍ಯಾಮ್. ಕೆಲಸ ನಡೆಯುವಾಗ ಯಂತ್ರ ಬಳಸುವ ಸ್ಮರಣೆ ಇದು. ಹಗುರ ಯಂತ್ರಗಳು ಹಲವುಗಳಲ್ಲಿ ಇದನ್ನು ಬೆಸೆದುಬಿಟ್ಟಿರುತ್ತಾರೆ. ಮುಂದೆ ಹೆಚ್ಚಿಸಲು ಬರುವುದಿಲ್ಲ. ಆದ್ದರಿಂದ ಅಗ್ಗವೆಂದು 4 ಜಿ.ಬಿ.ಯದನ್ನು ತರದೆ, ಮೊದಲೇ 8 ಜಿ.ಬಿ.ಯದನ್ನು ಕೊಳ್ಳಿರಿ. ಕಡತಗಳನ್ನಿಡಲು 256 ಜಿ.ಬಿ. ಎಸ್.ಎಸ್.ಡಿ. ಇರಲಿ.

4. ಬ್ಯಾಟರಿ. ಲೆಕ್ಕ ಸುಲಭ: 48 ವ್ಯಾಟ್-ಗಂಟೆಯ ಬ್ಯಾಟರಿಯಿಂದ ಯಂತ್ರ 8 ವ್ಯಾಟ್ ಬಳಸಿದರೆ 6 ಗಂಟೆ ನಡೆಯುತ್ತದೆ. ಕರೆಂಟು ಹೋದ ಸಂಜೆಯೂ ಓದು ನಿಲ್ಲದು.

5. ಹಳೆಯದನ್ನು ಕೊಳ್ಳುವವರು ಎಚ್ಚರದಿಂದಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯುವುದೋ ಎಂದು ಅಂಗಡಿಯಲ್ಲೇ ತೋರಿಸಿಕೊಳ್ಳಿರಿ.

ಓದುವ ಮಕ್ಕಳನ್ನೇ ಜೊತೆಗೆ ಕರೆದೊಯ್ಯಿರಿ. ಕೀಲಿಗಳನ್ನು ಅವರೇ ಒತ್ತಿ ನೋಡಲಿ. ರಸೀದಿ, ವಾರಂಟಿ ಪತ್ರ ಪಡೆಯದೆ ಹಣ ಕೊಡಬೇಡಿರಿ.