ಹಣ್ಣಿನ ತಿರುಳು ಬೀಜಕ್ಕೆ ಗೊಬ್ಬರ ಅಲ್ಲ

ನಾಲ್ಕು ವರ್ಷದ ಹಿಂದೆ ನಮ್ಮ ಹಿತ್ತಲಿನ ನಾಟಿ ಪಪ್ಪಾಯಿ ಹಣ್ಣು ಬಹಳ ರುಚಿಯಾಗಿತ್ತು. ಬೀಜ ಯಾಕೆ ಬಿಸಾಡೋದು ಅಂತ ಲೋಳೆ ಸಮೇತ 200 ಕವರಿಗೆ ಹಾಕಿದೆ. ಲೋಳೆ, ತಿರುಳು ಇದ್ದರೆ ಸಸಿಗೆ ಗೊಬ್ಬರ ಆಗುತ್ತೆ ಅನ್ನೋದು ನನ್ನ ಲೆಕ್ಕ. ಒಂದು ತಿಂಗಳು ನೀರು ಹಾಕಿದ್ದೇ ಬಂತು. ಎದ್ದಿದ್ದು 23 ಸಸಿ. ಅಷ್ಟೊತ್ತಿಗೆ ಗುಂಡಿ ತೆಗೆಸಿ ಆಗಿತ್ತು, ಕೊನೆಗೆ ಕೈಯಿಂದ ದುಡ್ಡು ಹಾಕಿ ನರ್ಸರಿ ಸಸಿ ತಂದೆ.

ಹಣ್ಣು ಇರೋದು ಯಾಕೆ ಅನ್ನೋದನ್ನೇ ನಾನು ತಪ್ಪು ತಿಳ್ಕೊಂಡಿದ್ದೆ. ಮೊಳಕೆಗೆ ಬೇಕಾದ ಆಹಾರ ಬೀಜದ ಒಳಗೇ ಇರುತ್ತೆ. ಹೊರಗಿನ ಸಿಹಿ ತಿರುಳು ಬೀಜ ಹೊತ್ತುಕೊಂಡು ಹೋಗೋರಿಗೆ ಗಿಡ ಕೊಡುವ ಕೂಲಿ. ಬೀಜವೆಲ್ಲ ತಾಯಿಗಿಡದ ಬುಡದಲ್ಲೇ ಬಿದ್ದರೆ ನೆರಳಿಗೆ ಸಿಕ್ಕಿ, ನೀರಿಗೆ ಪೈಪೋಟಿ ಬಿದ್ದು ಸಾಯುತ್ತವೆ. ಯಾವ ಗಿಡದ ಹಣ್ಣನ್ನು ಹಕ್ಕಿ, ಬಾವಲಿ, ಮಂಗ ತಿಂದು ದೂರ ಹಾಕಿದವೋ, ಅದರ ಸಂತತಿ ಹೆಚ್ಚಿತು. ಲಕ್ಷಾಂತರ ವರ್ಷ ಹೀಗೇ ನಡೆದು ಹಣ್ಣಿಗೆ ಸಿಹಿ, ಬಣ್ಣ, ವಾಸನೆ ಬಂದಿದೆ. ಬೀಜ ಬಲಿಯೋ ತನಕ ಕಾಯಿ ಹುಳಿ, ಒಗರು, ಹಸಿರು. ಬೇಲಿ ಸಾಲಲ್ಲಿ, ಕರೆಂಟ್ ತಂತಿ ಕೆಳಗೆ ಯಾರೂ ನೆಡದ ಬೇವು ಹುಟ್ಟೋದು ನೋಡಿದ್ದೀರಲ್ಲ, ಅದು ಹಕ್ಕಿ ಮಾಡಿದ ಬಿತ್ತನೆ.

ಮೆಣಸಿನಕಾಯಿದು ಇನ್ನೂ ಮಜಾ. ಖಾರ ಹಕ್ಕಿಗೆ ತಾಗೋದೇ ಇಲ್ಲ, ಇಲಿಗೆ ತಾಗುತ್ತೆ. ಇಲಿ ಬೀಜವನ್ನು ಅಗಿದು ಹಾಳು ಮಾಡುತ್ತೆ, ಹಕ್ಕಿ ನುಂಗಿ ಹಿಕ್ಕೆಯಲ್ಲಿ ಜೀವಂತ ಹೊರಹಾಕುತ್ತೆ. ಅಮೆರಿಕದ ಅರಿಜೋನಾದ ಕಾಡು ಮೆಣಸಿನ ಮೇಲೆ ನಡೆದ ಅಧ್ಯಯನದಲ್ಲಿ 2001ರಲ್ಲೇ ಇದು ತಿಳಿದುಬಂತು. ಯಾರಿಗೆ ಕೂಲಿ ಕೊಡಬೇಕು, ಯಾರನ್ನು ಓಡಿಸಬೇಕು ಅಂತ ಗಿಡವೇ ಆರಿಸಿದ ಹಾಗಿದೆ.

ಈಗ ನನ್ನ ನಷ್ಟದ ವಿಷಯ. ಟೊಮೆಟೊ ಒಳಗೆ ಅಷ್ಟೊಂದು ನೀರಿದ್ದರೂ ಬೀಜ ಸಾಮಾನ್ಯವಾಗಿ ಅಲ್ಲೇ ಯಾಕೆ ಮೊಳೆಯಲ್ಲ? ರಸದಲ್ಲಿರುವ ಸಕ್ಕರೆ, ಲವಣ ಮತ್ತು ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಅದನ್ನು ತಡೆಯುತ್ತವೆ. ಹಣ್ಣಿನೊಳಗೇ ಮೊಳೆತರೆ ಬೀಜಕ್ಕೆ ಹೋಗೋ ದಾರಿಯೇ ಇಲ್ಲವಲ್ಲ! ಪಪ್ಪಾಯಿ ಬೀಜದ ಸುತ್ತಲಿನ ಲೋಳೆ ಚೀಲದಲ್ಲೂ ಮೊಳಕೆ ತಡೆಯುವ ಅಂಶ ಇದೆ. ಪ್ರಾಣಿ ಹೊಟ್ಟೆ ಆ ಲೋಳೆಯನ್ನು ತೆಗೆಯುತ್ತೆ. ನಾವು ಕೈಯಿಂದ ಬಿತ್ತುವಾಗ ಆ ಕೆಲಸ ನಾವೇ ಮಾಡಬೇಕು.

ಪಪ್ಪಾಯಿ ಬೀಜವನ್ನು ಬೂದಿ ಅಥವಾ ಮರಳು ಹಾಕಿ ಚೆನ್ನಾಗಿ ಉಜ್ಜಿ, ಚೀಲ ಒಡೆದ ಮೇಲೆ ತೊಳೆಯಿರಿ. ತೇಲೋ ಬೀಜ ಬಿಸಾಡಿ, ಉಳಿದಿದ್ದನ್ನು ನೆರಳಲ್ಲಿ ಒಣಗಿಸಿ. ಟೊಮೆಟೊ ಆದರೆ ಬೀಜ ಸಮೇತ ರಸವನ್ನು ಪಾತ್ರೆಯಲ್ಲಿ ಒಂದೆರಡು ದಿನ ಹುಳಿ ಬರೋಕೆ ಬಿಟ್ಟು ತೊಳೆಯಿರಿ. ನೀರು ಬೆರೆಸಬೇಡಿ, ರಸ ತೆಳುವಾದರೆ ಅಲ್ಲೇ ಮೊಳಕೆ ಒಡೆಯಬಹುದು.

ಹಲಸು, ನೇರಳೆಗೂ ತಿರುಳು ತೆಗೀರಿ, ಆದರೆ ಒಣಗಿಸಬೇಡಿ. ಒಣಗಿದರೆ ಬೀಜ ಸಾಯುತ್ತೆ, ತಾಜಾ ಇರುವಾಗಲೇ ಹಾಕಿ.

ಮರುವರ್ಷ ಅದೇ ಗಿಡದ ಬೀಜ ಉಜ್ಜಿ ತೊಳೆದು 100 ಕವರಿಗೆ ಹಾಕಿದೆ, 74 ಎದ್ದವು. ಹೈಬ್ರಿಡ್ ಹಣ್ಣಿನ ಬೀಜಕ್ಕೆ ಮಾತ್ರ ಈ ಶ್ರಮ ಬೇಡ, ತಾಯಿಗಿಡದ ಗುಣ ಉಳಿಯಲ್ಲ. ನಾಟಿ ತಳಿಯಲ್ಲಿ ಗಂಡು ಗಿಡವೂ ಬರುತ್ತೆ, ಅದಕ್ಕೆ ಗುಂಡಿಗೆ ಎರಡು ಮೂರು ಸಸಿ ಇಟ್ಟು, ಹೂ ಬಂದ ಮೇಲೆ ಪರಾಗಕ್ಕೆ ಅಲ್ಲೊಂದು ಇಲ್ಲೊಂದು ಗಂಡು ಬಿಟ್ಟು ಉಳಿದಿದ್ದನ್ನು ಕಿತ್ತುಹಾಕಿ.