ಆರದ ಕೆಂಪು ಚುಕ್ಕೆ

ಬಳ್ಳಾರಿ ರಸ್ತೆಯ ಬದಿಯ ಬ್ಯಾಟರಾಯನಪುರದಲ್ಲಿ ದೀಪಗಳಾರಿ ಮನೆಮಂದಿಯೆಲ್ಲ ಮಲಗಿದ ಮೇಲೂ ವಿದ್ಯುತ್ ಮೀಟರಿನ ಕೆಂಪು ಚುಕ್ಕೆ ಮಿಟುಕುತ್ತಲೇ ಇರುತ್ತದೆ. ಫ್ರಿಜ್ಜು ನಡೆಯುತ್ತಿರಬಹುದು; ಅದು ನ್ಯಾಯವಾದ ಖರ್ಚು. ಆದರೆ ಅದನ್ನೂ ಐದು ನಿಮಿಷ ನಿಲ್ಲಿಸಿದಾಗ ಚುಕ್ಕೆ ಮಿಟುಕಿದರೆ, ಯಾರೂ ಬಳಸದ ವಿದ್ಯುತ್ತು ಎಲ್ಲಿಗೋ ಹರಿಯುತ್ತಿದೆಯೆಂದೇ ಅರ್ಥ.

ಟೆಲಿವಿಷನ್ನನ್ನು ರಿಮೋಟಿನಿಂದ ಆರಿಸಿದಾಗ ತೆರೆಯೇನೋ ಕಪ್ಪಾಗುತ್ತದೆ. ಆದರೆ ಮತ್ತೆ ಯಾವಾಗ ಅಪ್ಪಣೆ ಬರುವುದೋ ಎಂದು ಅದರೊಳಗಿನ ಸಣ್ಣ ಗ್ರಾಹಕವೊಂದು ಎಚ್ಚರದಿಂದ ಕಾದಿರುತ್ತದೆ. ಆ ಕಾಯುವಿಕೆಗೂ ವಿದ್ಯುತ್ತು ಬೇಕು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ಇಂತಹ ಖರ್ಚಿಗೆ ಒಂದು ವ್ಯಾಟಿನ ಮಿತಿಯನ್ನು ಸೂಚಿಸಿತು. ಹೊಸ ಟೆಲಿವಿಷನ್ನುಗಳು ಬಹುಮಟ್ಟಿಗೆ ಆ ಮಿತಿಯೊಳಗೇ ಇವೆ. ಮೊಬೈಲ್ ತೆಗೆದ ಮೇಲೆ ಗೋಡೆಯಲ್ಲೇ ಉಳಿದ ಚಾರ್ಜರಿನ ಪಾಲು ಇನ್ನೂ ಅಲ್ಪ. ಮನೆಯ ಹಿರಿಯರು ಮಕ್ಕಳನ್ನು ಗದರಿಸುವುದು ಮಾತ್ರ ಆ ಚಾರ್ಜರಿಗಾಗಿಯೇ! ನಿಜವಾದ ಹೊಟ್ಟೆಬಾಕ ಅದರ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತ ಸೆಟ್‌ಟಾಪ್ ಪೆಟ್ಟಿಗೆ. ಇವುಗಳಲ್ಲಿ ಹಲವು, ಆರಿದಂತೆ ತೋರಿದಾಗಲೂ ಉರಿಯುವಾಗಿನಷ್ಟೇ ವಿದ್ಯುತ್ತನ್ನು ಹೀರುತ್ತವೆ. ಹತ್ತು ವ್ಯಾಟಿನ ಪೆಟ್ಟಿಗೆಯನ್ನು ದಿನಕ್ಕೆ ನಾಲ್ಕು ಗಂಟೆ ಬಳಸಿದರೆ, ಉಳಿದ ಇಪ್ಪತ್ತು ಗಂಟೆಗಳ ನಷ್ಟ ವರ್ಷಕ್ಕೆ 73 ಯೂನಿಟ್ಟು. ಆ ಪೆಟ್ಟಿಗೆಯನ್ನು ಮುಟ್ಟಿದರೆ ಬೆಚ್ಚಗಿರುವುದೇ ಇದಕ್ಕೆ ಸಾಕ್ಷಿ.

ಇದನ್ನು ಅಳೆಯಲು ಯಾವ ಯಂತ್ರವೂ ಬೇಡ. ಎಷ್ಟು ಮಿಟುಕಿಗೆ ಒಂದು ಯೂನಿಟ್ಟೆಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಎಂದಿಟ್ಟುಕೊಳ್ಳೋಣ. ಐದು ನಿಮಿಷದಲ್ಲಿ ಎಂಟು ಮಿಟುಕು ಕಂಡರೆ ಹರಿಯುತ್ತಿರುವುದು 30 ವ್ಯಾಟ್. ಮೂವತ್ತು ದಿನಕ್ಕೆ ಸುಮಾರು 21 ಯೂನಿಟ್ಟು. ಎಂಟನೆಯ ತರಗತಿಯ ಗಣಿತ ಇದಕ್ಕೆ ಧಾರಾಳವಾಗಿ ಸಾಕು.

ಇಪ್ಪತ್ತೊಂದು ಯೂನಿಟ್ಟು ಯಾವ ಲೆಕ್ಕವೆಂದು ಕೆಲವರು ನಗಬಹುದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮೇರೆಯನ್ನು ಹಾಕಿತು. ಅದರೊಳಗೂ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯನ್ನು ಅನುಸರಿಸಿದ ಮಿತಿಯುಂಟು. ಮಿತಿ ಮೀರಿದಷ್ಟಕ್ಕೆ ಹಣ ತೆರಬೇಕು, ಇನ್ನೂರನ್ನೇ ದಾಟಿದರೆ ಬಿಲ್ಲು ಪೂರ್ತಿ ತಲೆಯ ಮೇಲೆ ಬರುತ್ತದೆ. ಬ್ಯಾಟರಾಯನಪುರದ ಬಾಡಿಗೆ ಮನೆಯೊಂದರಲ್ಲಿ ತಿಂಗಳ ಬಳಕೆ 205 ಆದರೆ, ಆ ಕುಟುಂಬವು ಮೇರೆಯಾಚೆ ಬೀಳುವುದು ದೀಪ ಹಚ್ಚಿದ್ದಕ್ಕಲ್ಲ, ನೀರು ಕಾಯಿಸಿದ್ದಕ್ಕೂ ಅಲ್ಲ. ಯಾರಿಗೂ ಬೇಡವಾದ ಈ ಕಾಯುವಿಕೆಗೆ.

ಇನ್ನು ನಾಡಿನ ಲೆಕ್ಕವೇ ಬೇರೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ಕೇಂದ್ರದ ಈಗಿನ ಸಾಮರ್ಥ್ಯ 42 ಮೆಗಾವ್ಯಾಟ್. ಇಪ್ಪತ್ತೊಂದು ಲಕ್ಷ ಮನೆಗಳು ತಲಾ 20 ವ್ಯಾಟ್ ಪೋಲು ಮಾಡಿದರೆ ಆಗುವ ಮೊತ್ತವೂ ಅಷ್ಟೇ. ಹಿರಿಯರು ಬಂಡೆ ಒಡೆದು ಕಟ್ಟಿದ ಇಡೀ ಕೇಂದ್ರವೊಂದು ಕಪ್ಪು ತೆರೆಗಳ ಸೇವೆಗೆ ನಿಂತಂತಾಯಿತು.

ಪರಿಹಾರ ಕೈಗೆಟಕುವಲ್ಲಿಯೇ ಇದೆ. ಅನೇಕ ದೇಶಗಳ ಗೋಡೆಯ ಸಾಕೆಟ್ಟಿಗೆ ಸ್ವಿಚ್ಚೇ ಇರುವುದಿಲ್ಲ. ಅಲ್ಲಿನವರು ಪ್ಲಗ್ಗನ್ನು ಕಿತ್ತೇ ತೆಗೆಯಬೇಕು. ನಮ್ಮ ಮನೆಗಳಲ್ಲಿ ಸಾಕೆಟ್ಟಿನ ಪಕ್ಕದಲ್ಲೇ ಸ್ವಿಚ್ಚುಂಟು. ಅದು ಟೆಲಿವಿಷನ್ನಿನ ಹಿಂದೆ ಮರೆಯಾಗಿದ್ದರೆ, ಸ್ವಿಚ್ಚುಳ್ಳ ಎಕ್ಸ್‌ಟೆನ್ಷನ್ ಹಲಗೆಯೊಂದನ್ನು ಕೈಗೆ ಸಿಗುವಲ್ಲಿ ಇಡಬಹುದು. ಸೆಟ್‌ಟಾಪ್ ಪೆಟ್ಟಿಗೆ ಮರಳಿ ಎಚ್ಚರಗೊಳ್ಳಲು ಒಂದೆರಡು ನಿಮಿಷ ಬೇಡುತ್ತದೆಂಬುದು ನಿಜ. ವಾರ್ತೆಯ ಹೊತ್ತಿಗೆ ಅಜ್ಜನಿಗೆ ಅದು ಸಹನೆಯಾಗದಿದ್ದರೆ, ವಾರ್ತೆಗೆ ಮುಂಚೆ ಸ್ವಿಚ್ಚು ಹಾಕುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಬಹುದು.