ಹಳೆಯ ಜೀಪು, ಜಿಪ್ಸಿಗಳ ಎತ್ತರಿಸುವಿಕೆ: ಕಾರ್ಯಾಗಾರಗಳು ಅರಿತಿರಬೇಕಾದ ಲೆಕ್ಕ, ಕಾನೂನು ಮತ್ತು ನಿರ್ವಹಣೆ

ದೊಮ್ಮಲೂರು, ಹಲಸೂರು, ಶಿವಾಜಿನಗರ ಮತ್ತು ಕೃಷ್ಣರಾಜಪುರಗಳ ಗ್ಯಾರೇಜುಗಳಿಗೂ ಹಳೆಯ ಜೀಪುಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ದಂಡು ಪ್ರದೇಶದ ಅಂಚಿನಲ್ಲಿ ಬೆಳೆದ ದೊಮ್ಮಲೂರಿನ ಮಗ್ಗುಲಲ್ಲೇ ಸೇನೆಯ ಎ.ಎಸ್.ಸಿ. ಕೇಂದ್ರವಿದೆ, ಹಲಸೂರಿನಲ್ಲಿ 515 ಆರ್ಮಿ ಬೇಸ್ ವರ್ಕ್‌ಶಾಪ್ ನೆಲೆಗೊಂಡಿದೆ. ಸೇನೆ ಮತ್ತು ಸರ್ಕಾರಿ ಇಲಾಖೆಗಳು ವಿಲೇವಾರಿ ಮಾಡಿದ ವಾಹನಗಳು ಹರಾಜಿನ ಮೂಲಕ ನಾಗರಿಕರ ಕೈಸೇರುವುದು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅವುಗಳ ಬಿಡಿಭಾಗಗಳನ್ನು ಹುಡುಕುವುದು ಹಳೆಯ ರೂಢಿ. ಕೊಡಗು, ಸಕಲೇಶಪುರಗಳ ಕಾಫಿ ತೋಟಗಳಿಗೆ, ಕೊಡಚಾದ್ರಿ ಮತ್ತು ಮಾಂದಲಪಟ್ಟಿಯ ಏರುದಾರಿಗಳಿಗೆ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಜೀಪು ಇಂದಿಗೂ ಅಗತ್ಯದ ವಾಹನ. ಇದರ ಜೊತೆಗೆ ವಾರದ ಕೊನೆಯಲ್ಲಿ ಕಚ್ಚಾ ದಾರಿ ಹುಡುಕಿ ಹೊರಡುವ ನಗರವಾಸಿ ಹವ್ಯಾಸಿಗಳ ಬೇಡಿಕೆಯೂ ಸೇರಿದೆ.

ಈ ಗ್ರಾಹಕರ ಮೊದಲ ಕೋರಿಕೆ ಸಾಮಾನ್ಯವಾಗಿ ಒಂದೇ: ವಾಹನವನ್ನು ನಾಲ್ಕು ಇಂಚು ಎತ್ತರಿಸಿ, ದೊಡ್ಡ ಟೈರು ಹಾಕಿಕೊಡಿ. ಕೇಳಲು ಸರಳವಾದ ಈ ಕೆಲಸದಲ್ಲಿ ತಾಂತ್ರಿಕ ಅಪಾಯವೂ ಕಾನೂನಿನ ತೊಡಕೂ ಅಡಗಿವೆ. ಎರಡರ ಹೊಣೆಯೂ ವಾಹನದ ಮಾಲೀಕನ ಮೇಲಷ್ಟೇ ಅಲ್ಲ, ಭಾಗ ತಯಾರಿಸಿದವರ ಮತ್ತು ಮಾರಿದವರ ಮೇಲೂ ಬೀಳಬಹುದು.

ವಾಹನಗಳ ಹಿನ್ನೆಲೆ

ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆ ಕುಲದ ಎಂ.ಎಂ. 540, ಎಂ.ಎಂ. 550, ಮೇಜರ್, ಕ್ಲಾಸಿಕ್ ಮುಂತಾದ ಮಾದರಿಗಳು ಇಂದಿಗೂ ಕೆಲಸದಲ್ಲಿವೆ. ಮಾರುತಿ ಜಿಪ್ಸಿ 1985ರಲ್ಲಿ 970 ಸಿ.ಸಿ. ಇಂಜಿನ್ನಿನೊಡನೆ ಮಾರುಕಟ್ಟೆಗೆ ಬಂತು. 1996ರಲ್ಲಿ 1298 ಸಿ.ಸಿ.ಯ ಜಿಪ್ಸಿ ಕಿಂಗ್ ಬಂತು. 2019ರಲ್ಲಿ ಸಾರ್ವಜನಿಕರಿಗೆ ಅದರ ಮಾರಾಟ ನಿಂತಿತು. ಗಟ್ಟಿ ಚಾಸಿ, ಒಂದೇ ತುಂಡಿನ ಆಕ್ಸಲ್ ಹೌಸಿಂಗ್ ಮತ್ತು ಲೀಫ್ ಸ್ಪ್ರಿಂಗ್ ಈ ಹಳೆಯ ವಾಹನಗಳ ಸಮಾನ ಲಕ್ಷಣ. ಸಣ್ಣ ಕಾರ್ಯಾಗಾರವೊಂದು ಲೇತು, ವೆಲ್ಡಿಂಗ್ ಯಂತ್ರ ಮತ್ತು ಪ್ರೆಸ್ಸಿನ ಬಲದಿಂದಲೇ ಇವನ್ನು ನಿಭಾಯಿಸಬಲ್ಲದು. ಆದರೆ ಆ ಸರಳತೆಯೇ ಮನಬಂದಂತೆ ಮಾರ್ಪಡಿಸುವ ಧೈರ್ಯವನ್ನೂ ಕೊಟ್ಟಿದೆ.

ಎತ್ತರಿಸುವ ವಿಧಾನಗಳು

ವಾಹನವನ್ನು ಎತ್ತರಿಸುವುದರಲ್ಲಿ ಎರಡು ಮುಖ್ಯ ಬಗೆಗಳಿವೆ. ಮೊದಲನೆಯದು, ಚಾಸಿ ಮತ್ತು ಬಾಡಿಯ ನಡುವೆ ದಪ್ಪ ಬ್ಲಾಕುಗಳನ್ನಿಟ್ಟು ಬಾಡಿಯನ್ನು ಮಾತ್ರ ಮೇಲೆತ್ತುವುದು. ಇದರಿಂದ ದೊಡ್ಡ ಟೈರಿಗೆ ಜಾಗ ದೊರೆಯುತ್ತದೆಯೇ ಹೊರತು ಚಾಸಿಯ ಕೆಳಗಿನ ಅಂತರ ಹೆಚ್ಚುವುದಿಲ್ಲ. ಎರಡನೆಯದು, ಸ್ಪ್ರಿಂಗಿನ ವ್ಯವಸ್ಥೆಯನ್ನೇ ಬದಲಿಸುವುದು. ಇದರಲ್ಲಿ ಮೂರು ಮಾರ್ಗಗಳು ಬಳಕೆಯಲ್ಲಿವೆ.

1. ಉದ್ದನೆಯ ಶಾಕಲ್: ಶಾಕಲ್ ಇರುವುದು ಸ್ಪ್ರಿಂಗಿನ ಒಂದು ತುದಿಯಲ್ಲಿ ಮಾತ್ರ. ಆದ್ದರಿಂದ ಶಾಕಲನ್ನು 2 ಇಂಚು ಉದ್ದ ಮಾಡಿದರೆ ವಾಹನ ಏರುವುದು ಸುಮಾರು 1 ಇಂಚು. ಮುಂದಿನ ಆಕ್ಸಲ್ ತಿರುಗಿಕೊಂಡು ಕ್ಯಾಸ್ಟರ್ ಕೋನವೂ ಬದಲಾಗುತ್ತದೆ. ಜಿಪ್ಸಿಯಲ್ಲಿ ಈ ಕೋನ ಕಡಿಮೆಯಾಗುವುದರಿಂದ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದೆ, ವೇಗದಲ್ಲಿ ವಾಹನ ಅತ್ತಿತ್ತ ಓಲಾಡುತ್ತದೆ.

2. ಹೆಚ್ಚು ಬಾಗಿನ ಅಥವಾ ಹೆಚ್ಚುವರಿ ಪಟ್ಟಿಯ ಸ್ಪ್ರಿಂಗ್: ಎತ್ತರ ಬರುತ್ತದೆ, ಆದರೆ ಸ್ಪ್ರಿಂಗ್ ಬಿರುಸಾಗಿ, ಏರುತಗ್ಗಿನಲ್ಲಿ ಚಕ್ರ ಕೆಳಗಿಳಿದು ನೆಲ ಮುಟ್ಟುವ ಗುಣ ಕುಗ್ಗುತ್ತದೆ. ಕಚ್ಚಾ ದಾರಿಯಲ್ಲಿ ಹಿಡಿತ ನೀಡುವುದೇ ಆ ಗುಣ.

3. ಸ್ಪ್ರಿಂಗನ್ನು ಆಕ್ಸಲಿನ ಮೇಲಕ್ಕೆ ಒಯ್ಯುವುದು: ಜಿಪ್ಸಿಯಲ್ಲಿ ಮೂಲತಃ ಸ್ಪ್ರಿಂಗ್ ಆಕ್ಸಲಿನ ಕೆಳಗಿರುತ್ತದೆ. ಅದನ್ನು ಮೇಲೆ ಕೂರಿಸಿದರೆ ಒಮ್ಮೆಲೇ ಹೆಚ್ಚಿನ ಎತ್ತರ ಸಿಗುತ್ತದೆ. ಆದರೆ ಸ್ಟಿಯರಿಂಗ್ ರಾಡ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಹೌಸಿಂಗಿನ ಮೇಲೆ ಹೊಸ ಆಸನಗಳನ್ನು ವೆಲ್ಡ್ ಮಾಡುವಾಗ ಶಾಖಕ್ಕೆ ಹೌಸಿಂಗ್ ಸೊಟ್ಟಗಾದರೆ ಎಣ್ಣೆ ಸೀಲು ಮತ್ತು ಬೇರಿಂಗುಗಳು ಬಾಳುವುದಿಲ್ಲ.

ಟೈರಿನ ಲೆಕ್ಕ

ದೊಡ್ಡ ಟೈರಿನಿಂದ ಆಗುವ ಲಾಭನಷ್ಟವನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು. 205/70 ಆರ್ 15 ಅಳತೆಯ ಟೈರಿನ ವ್ಯಾಸ 668 ಮಿ.ಮೀ. ಅದರ ಬದಲಿಗೆ 235/75 ಆರ್ 15 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ. ಆಗುತ್ತದೆ. ವ್ಯತ್ಯಾಸ 65 ಮಿ.ಮೀ. ಇದ್ದರೂ ಆಕ್ಸಲಿನ ಕೆಳಗಿನ ಅಂತರ ಹೆಚ್ಚುವುದು ಅದರ ಅರ್ಧ, ಅಂದರೆ ಸುಮಾರು 33 ಮಿ.ಮೀ. ಮಾತ್ರ. ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಡಿಫರೆನ್ಷಿಯಲ್ ಗುಂಡಿಗೆಯ ಕೆಳಗಿನ ಅಂತರ ಹೆಚ್ಚುವುದಿಲ್ಲ. ಅದು ಹೆಚ್ಚುವುದು ಟೈರಿನಿಂದಲೇ. ಗ್ರಾಹಕನಿಗೆ ಇದನ್ನು ಮೊದಲೇ ತಿಳಿಸಬೇಕು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಚಕ್ರ ಸುಮಾರು ಶೇ 10ರಷ್ಟು ದೊಡ್ಡದಾದಾಗ ವೇಗಮಾಪಕ 50 ಎಂದು ತೋರಿಸುವಾಗ ವಾಹನ 55 ಕಿ.ಮೀ. ವೇಗದಲ್ಲಿರುತ್ತದೆ. ಇಂಜಿನ್ನಿನ ಎಳೆತವೂ ಬ್ರೇಕಿನ ಹಿಡಿತವೂ ನೆಲದ ಬಳಿ ಸುಮಾರು ಶೇ 9ರಷ್ಟು ಕುಗ್ಗುತ್ತವೆ. ಮೊದಲೇ ಕಡಿಮೆ ಶಕ್ತಿಯ ಹಳೆಯ ಇಂಜಿನ್ನಿಗೆ ಇದು ಸಣ್ಣ ನಷ್ಟವಲ್ಲ.

ಸಮತೋಲನದ ಲೆಕ್ಕ ಇನ್ನೂ ಗಂಭೀರವಾದುದು. ಎಡಬಲ ಚಕ್ರಗಳ ನಡುವಿನ ಅಗಲ 1300 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 650 ಮಿ.ಮೀ. ಎಂದಿಟ್ಟುಕೊಂಡರೆ, ನಿಂತ ವಾಹನ ಪಕ್ಕಕ್ಕೆ ಮಗುಚುವ ಇಳಿಜಾರು 45 ಡಿಗ್ರಿ. ಗುರುತ್ವ ಕೇಂದ್ರ 100 ಮಿ.ಮೀ. ಮೇಲೇರಿದರೆ ಅದು ಸುಮಾರು 41 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗಿನ ಓಲಾಟ, ಮಾಳಿಗೆಯ ಮೇಲಿನ ಸಾಮಾನು, ತಿರುವಿನ ವೇಗ ಸೇರಿದರೆ ನಿಜವಾದ ಮಿತಿ ಇದಕ್ಕಿಂತ ಬಹಳ ಕಡಿಮೆ. ಘಟ್ಟದ ತಿರುವಿನಲ್ಲಿ ಆ ನಾಲ್ಕು ಡಿಗ್ರಿಯೇ ಜೀವದ ಪ್ರಶ್ನೆಯಾಗಬಲ್ಲದು.

ದೂರುಗಳ ಮೂಲ

ಎತ್ತರಿಸಿದ ವಾಹನಗಳು ಮತ್ತೆ ಮತ್ತೆ ಕಾರ್ಯಾಗಾರಕ್ಕೆ ಮರಳುವುದಕ್ಕೆ ಮುಖ್ಯ ಕಾರಣ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡು ತುದಿಯ ಯು.ಜೆ. ಕ್ರಾಸುಗಳ ಕೋನಗಳು ಸಮವಾಗಿರಬೇಕು. ಎತ್ತರ ಹೆಚ್ಚಿದಾಗ ಕೋನ ಕಡಿದಾಗಿ, ನಡುಕ ಹುಟ್ಟಿ, ಕ್ರಾಸುಗಳು ಬೇಗ ಸವೆಯುತ್ತವೆ. ಶಾಫ್ಟಿನ ಜಾರುವ ಭಾಗ ಹೊರಕ್ಕೆ ಎಳೆದುಕೊಂಡು ಹಿಡಿತದ ಉದ್ದವೂ ಕಡಿಮೆಯಾಗುತ್ತದೆ. ಎರಡನೆಯ ಕಾರಣ ಬ್ರೇಕ್ ಹೋಸ್. ವಾಹನವನ್ನು ಜಾಕಿನ ಮೇಲೆತ್ತಿ ಚಕ್ರವನ್ನು ಪೂರ್ತಿ ಇಳಿಬಿಟ್ಟು ಹೋಸಿನ ಉದ್ದವನ್ನು ಪರೀಕ್ಷಿಸಲೇಬೇಕು. ಮೂರನೆಯದು ಚಾಸಿಯ ಬಿರುಕು. ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ ಮತ್ತು ಸ್ಪ್ರಿಂಗ್ ಹ್ಯಾಂಗರುಗಳ ಸುತ್ತ ಬಣ್ಣ ಕೆರೆದು ನೋಡದೆ ಯಾವ ಹಳೆಯ ವಾಹನದ ಕೆಲಸವನ್ನೂ ಒಪ್ಪಿಕೊಳ್ಳಬಾರದು.

ಸ್ಪ್ರಿಂಗ್ ತಯಾರಕರಿಗೆ

ಲೀಫ್ ಸ್ಪ್ರಿಂಗಿನ ಪಟ್ಟಿ ಸಾಧಾರಣ ಕಬ್ಬಿಣವಲ್ಲ. ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಬಳಿಕ ಮತ್ತೆ ಹದವಾಗಿ ಕಾಯಿಸಿದಾಗಲೇ ಅದಕ್ಕೆ ಸ್ಪ್ರಿಂಗಿನ ಗುಣ ಬರುತ್ತದೆ. ಕುಲುಮೆಯಲ್ಲಿ ಕಣ್ಣಂದಾಜಿನಿಂದ ಕಾಯಿಸಿ ಬಾಗು ಹೆಚ್ಚಿಸಿದ ಪಟ್ಟಿ ಕೆಲವೇ ತಿಂಗಳಲ್ಲಿ ಕುಗ್ಗಬಹುದು, ಇಲ್ಲವೇ ಮುರಿಯಬಹುದು. ಪಟ್ಟಿಗೆ ವೆಲ್ಡ್ ಮಾಡುವುದಂತೂ ಸರ್ವಥಾ ಸಲ್ಲದು. ಉಷ್ಣಮಾಪಕವಿರುವ ಕುಲುಮೆ, ಗಡಸುತನದ ಪರೀಕ್ಷೆ, ಪ್ರತಿ ಜೋಡಿಗೂ ಗುರುತಿನ ಸಂಖ್ಯೆ ಇವು ಮೂರನ್ನು ಅಳವಡಿಸಿಕೊಂಡ ಸಣ್ಣ ತಯಾರಕರು ಮೂಲ ಅಳತೆಯ ಸ್ಪ್ರಿಂಗುಗಳನ್ನೇ ವಿಶ್ವಾಸದಿಂದ ಮಾರಬಹುದು. ಮಾರಾಟ ನಿಂತ ಮಾದರಿಗಳಿಗೆ ಬೇಕಾಗಿರುವುದೂ ಅದೇ.

ಕಾನೂನಿನ ಸ್ಥಿತಿ

ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮೋದಿತ ಇಂಧನ ಬದಲಾವಣೆ, ವಿಕಲಚೇತನರ ಅನುಕೂಲಕ್ಕಾಗಿ ಮಾಡುವ ಮಾರ್ಪಾಡು ಮುಂತಾದವಕ್ಕೆ ಪ್ರತ್ಯೇಕ ಅವಕಾಶಗಳಿವೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಈ ನಿರ್ಬಂಧವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಕಲಮು, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನಿಯಮಕ್ಕೆ ಒಪ್ಪದ ಸುರಕ್ಷತಾ ಬಿಡಿಭಾಗಗಳನ್ನು ಮಾರುವವರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಎಂದಿದೆ. ವರ್ತಕರು ಈ ಎರಡನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮುಂಭಾಗದ ಕ್ರ್ಯಾಷ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು ವರ್ಗದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಂದು 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ಮೀರಿದ ವಾಹನಗಳಿಗೆ ಮತ್ತಷ್ಟು ಏರಿತು. ನವೀಕರಣಕ್ಕೆ ವಾಹನವನ್ನು ಪ್ರಾದೇಶಿಕ ಸಾರಿಗೆ ಕಚೇರಿಯ ಮುಂದೆ ನಿಲ್ಲಿಸಿದಾಗ ಎತ್ತರಿಸಿದ ಜೀಪು ತಾನೇ ಸಾಕ್ಷಿ ನುಡಿಯುತ್ತದೆ. ಅಪಘಾತವಾದರೆ ವಿಮೆಯ ಹಕ್ಕುಕೋರಿಕೆಯಲ್ಲೂ ಅದೇ ತಕರಾರು ಏಳುತ್ತದೆ. ಇದಲ್ಲದೆ, 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದ್ದು, ಅವು ನೋಂದಾಯಿತ ಗುಜರಿ ಘಟಕಗಳಿಗೆ ಹೋಗಬೇಕು. ರಕ್ಷಣೆ ಮತ್ತು ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿಯಿದೆ. ಹರಾಜಿನ ಹಳೆಯ ಮೂಲ ಹೀಗೆ ಬತ್ತುತ್ತಿರುವುದರಿಂದ, ಈಗಿರುವ ವಾಹನಗಳನ್ನು ಬಾಳಿಸುವ ಕೆಲಸಕ್ಕೆ ಬೆಲೆ ಹೆಚ್ಚಲಿದೆ.

ಕಚ್ಚಾ ದಾರಿಯ ಬಳಿಕದ ನಿರ್ವಹಣೆ

ಮೂಲ ಅಳತೆಯಲ್ಲೇ ಇರುವ, ಚೆನ್ನಾಗಿ ನಿರ್ವಹಿಸಿದ ಜೀಪು ಬಹುಪಾಲು ತೋಟದ ದಾರಿಗಳನ್ನು ನಿರಾಯಾಸವಾಗಿ ದಾಟಬಲ್ಲದು. ಕಾರ್ಯಾಗಾರಗಳು ಈ ಕೆಳಗಿನ ಕೆಲಸಗಳನ್ನು ಒಂದು ಸೇವೆಯಾಗಿಯೇ ರೂಪಿಸಬಹುದು.

1. ಹಳ್ಳ ದಾಟಿ ಬಂದ ವಾಹನದ ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸುಗಳ ಎಣ್ಣೆಯನ್ನು ಪರೀಕ್ಷಿಸುವುದು. ಬಿಸಿಯಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಾಲಿನ ಬಣ್ಣಕ್ಕೆ ತಿರುಗಿದ ಎಣ್ಣೆಯನ್ನು ತಕ್ಷಣ ಬದಲಿಸಬೇಕು. ಬ್ರೀದರ್ ರಂಧ್ರಗಳನ್ನು ಸದಾ ತೆರೆದಿಡಬೇಕು.

2. ಡ್ರಮ್ ಬ್ರೇಕುಗಳನ್ನು ಬಿಚ್ಚಿ ಕೆಸರು ತೊಳೆಯುವುದು. ಚಕ್ರದ ಬೇರಿಂಗ್, ಕಿಂಗ್ ಪಿನ್, ಯು.ಜೆ. ಕ್ರಾಸ್‌ಗಳಿಗೆ ಹೊಸ ಗ್ರೀಸ್ ತುಂಬುವುದು.

3. ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಮತ್ತೆ ಬಿಗಿಗೊಳಿಸುವುದು. ಸವೆದ ಬುಶ್ಶುಗಳನ್ನು ಜೋಡಿಯಾಗಿಯೇ ಬದಲಿಸುವುದು.

4. ಚಾಸಿಯ ಒಳಮೂಲೆಗಳ ಕೆಸರನ್ನು ತೊಳೆದು, ಒಣಗಿಸಿ, ತುಕ್ಕುನಿರೋಧಕ ಬಳಿಯುವುದು. ಮಲೆನಾಡಿನ ಮಳೆಯಲ್ಲಿ ಓಡುವ ವಾಹನಕ್ಕೆ ಇದು ವರ್ಷಕ್ಕೊಮ್ಮೆಯಾದರೂ ಆಗಬೇಕು.

5. ಇಂಜಿನ್ ನೀರು ಕುಡಿದು ನಿಂತಿದ್ದರೆ ಮತ್ತೆ ಸ್ಟಾರ್ಟ್ ಮಾಡದಂತೆ ಗ್ರಾಹಕರಿಗೆ ಮೊದಲೇ ತಿಳಿಹೇಳುವುದು. ಇಂಜೆಕ್ಟರ್ ಅಥವಾ ಪ್ಲಗ್ ತೆಗೆದು ನೀರನ್ನು ಹೊರಹಾಕದೆ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೆಸರಿನಲ್ಲಿ ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿ, ಡಾಂಬರು ರಸ್ತೆಗೆ ಬರುವ ಮುನ್ನ ಮತ್ತೆ ತುಂಬುವುದು ಹಿಡಿತ ಪಡೆಯುವ ಅತ್ಯಂತ ಅಗ್ಗದ ಉಪಾಯ. ಸಣ್ಣ ಕಂಪ್ರೆಸರ್, ಗೇಜು, ಗಟ್ಟಿಯಾದ ಎಳೆಹಗ್ಗ ಇವುಗಳ ಮಾರಾಟದಲ್ಲಿ ಕಾನೂನಿನ ತೊಡಕಿಲ್ಲ. ಅರಣ್ಯ ಪ್ರದೇಶದೊಳಗೆ ಅನುಮತಿಯಿಲ್ಲದೆ ವಾಹನ ಒಯ್ಯುವುದು ಅಪರಾಧವೆಂಬುದನ್ನೂ ಗ್ರಾಹಕರಿಗೆ ನೆನಪಿಸುವುದು ಒಳಿತು.

ಲಾಭದ ಲೆಕ್ಕ

ಒಂದು ಎತ್ತರಿಸುವ ಕೆಲಸಕ್ಕೆ ಬಿಡಿಭಾಗ 24,000, ಕೂಲಿ 9,000, ಬಾಡಿಗೆ ಮತ್ತು ವಿದ್ಯುತ್ತಿನ ಪಾಲು 3,000, ಒಟ್ಟು 36,000 ರೂಪಾಯಿ ವೆಚ್ಚವಾಗಿ, ತೆರಿಗೆ ಬಿಟ್ಟು 45,000 ರೂಪಾಯಿಯ ಬಿಲ್ಲು ಮಾಡಿದರೆ ಉಳಿತಾಯ 9,000 ರೂಪಾಯಿ. ನಡುಕದ ದೂರಿನಿಂದ ಅದೇ ವಾಹನ ಎರಡು ಬಾರಿ ಮರಳಿ, ಪ್ರತಿ ಬಾರಿ ಕೂಲಿ ಮತ್ತು ಕ್ರಾಸುಗಳಿಗೆ 4,000 ರೂಪಾಯಿ ತಗುಲಿದರೆ ಉಳಿಯುವುದು 1,000 ರೂಪಾಯಿ. ಷೆಡ್ಡಿನ ಜಾಗ ಕಟ್ಟಿಹಾಕಿಕೊಂಡ ದಿನಗಳ ನಷ್ಟ ಇದರಲ್ಲಿ ಸೇರಿಲ್ಲ. ನಿರ್ವಹಣೆಯ ಕೆಲಸದಲ್ಲಿ ಬಿಲ್ಲು ಸಣ್ಣದು. ಆದರೆ ಗ್ರಾಹಕ ಮರಳಿ ಬರುವುದು ದೂರಿಗಲ್ಲ, ಮುಂದಿನ ಸೇವೆಗೆ. ಹಿಂದೆ ಶೇ 28ರ ದರದಲ್ಲಿದ್ದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿರುವುದೂ ಮೂಲ ಭಾಗಗಳನ್ನು ಬಿಲ್ಲಿನೊಡನೆ ಮಾರುವವರಿಗೆ ಅನುಕೂಲಕರ.

ಆದ್ದರಿಂದ ಕಾರ್ಯಾಗಾರದ ಮಾಲೀಕರು ಪ್ರತಿ ವಾಹನಕ್ಕೂ ಲಿಖಿತ ಅಂದಾಜು ಪಟ್ಟಿ ನೀಡುವುದು, ಒಪ್ಪಿಕೊಳ್ಳುವ ಮುನ್ನ ನೋಂದಣಿ ಪತ್ರವನ್ನೂ ಚಾಸಿ ಸಂಖ್ಯೆಯನ್ನೂ ತಾಳೆ ನೋಡುವುದು, ಬದಲಿಸಿದ ಭಾಗಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡುವುದು, ಕಾಯಿದೆಗೆ ಒಪ್ಪದ ಮಾರ್ಪಾಡನ್ನು ವಿನಯದಿಂದಲೇ ನಿರಾಕರಿಸುವುದು ಅಗತ್ಯ. ಹೀಗೆ ನಿರಾಕರಿಸಿದ ಕೆಲಸ ಪಕ್ಕದ ಗ್ಯಾರೇಜಿಗೆ ಹೋಗಬಹುದೆಂಬ ಅಳುಕು ಸಹಜವೇ. ಆದರೆ ಘಟ್ಟದ ತಿರುವಿನಲ್ಲಿ ಆ ವಾಹನ ಮಗುಚಿದ ದಿನ ಮೊದಲು ಹುಡುಕಲ್ಪಡುವುದು ಅದರ ಬಿಲ್ಲಿನ ಮೇಲಿರುವ ಹೆಸರು.